ಬ್ಯಾಟರಿ ನೀರು

ಬಾಯ್ಲರಿನದೆಂದು ಮುನಿಕೃಷ್ಣಪ್ಪ ತಂದಿಟ್ಟ ಬಾಟಲಿಯ ನೀರಿಗೆ ಪರೀಕ್ಷೆಯ ದ್ರಾವಣ ಬೆರೆಸಿ ಹತ್ತು ನಿಮಿಷ ಕಳೆದರೂ ಅದು ನೀಲಿಗೆ ತಿರುಗದಿದ್ದಾಗ ಕಾರ್ಖಾನೆಯ ಲ್ಯಾಬಿನ ಅಕ್ಷಯಾಳ ಮೈ ಉರಿಯಿತು. ನೀರಿನಲ್ಲಿ ಸಿಲಿಕಾ ಎಳ್ಳಷ್ಟಿದ್ದರೂ ನೀಲಿ ಕಾಣಲೇಬೇಕು. ಮಾಕಳಿಯ ಬೋರ್‌ವೆಲ್ ನೀರಿಗೆ ಎಷ್ಟೇ ಪಟಿಕ ಸುರಿದು ಸಿಲಿಕಾವನ್ನು ಗರಣೆಗಟ್ಟಿಸಿ ತಳಕ್ಕಿಳಿಸಿದರೂ ಒಂದಿಷ್ಟು ಉಳಿದೇ ಉಳಿಯುತ್ತದೆ. ಇಲ್ಲಿ ನೋಡಿದರೆ ಸೊನ್ನೆ. ಪಟಿಕದ ಡ್ರಮ್ಮಿನ ಸೀಲನ್ನೇ ಈ ವಾರ ಯಾರೂ ಒಡೆದಿರಲಿಲ್ಲ.

“ಬಾಯ್ಲರ್ ನೀರು ಪಸಂದಾಗೈತಲ್ಲಮ್ಮ. ಪಟಿಕ ಸಾಲಲ್ಲ ಅಂತ ನೀನು ದಿನಾ ರಾಗ ಎಳೀತಿದ್ದೆ. ಸೈನ್ ಹಾಕು, ಆಡಿಟ್‌ನೋರು ಕಾಯ್ತಾವ್ರೆ,” ಎಂದು ಪ್ಲಾಂಟ್ ಇನ್‌ಚಾರ್ಜ್ ಮುನಿಕೃಷ್ಣಪ್ಪ ರಿಜಿಸ್ಟರನ್ನು ಅವಳ ಮುಂದೆ ತಳ್ಳಿದ.

ಹೋದ ತಿಂಗಳು ಇದೇ ಸಿಲಿಕಾ ಬಾಯ್ಲರಿನ ಕೊಳವೆಯೊಳಗೆ ಪಿಂಗಾಣಿಯಂತೆ ಗಟ್ಟಿಕಟ್ಟಿ, ಕೊಳವೆ ಸಿಡಿದಿತ್ತು. ಆ ಹಬೆಗೆ ಬೆಂದ ಆಪರೇಟರ್ ಸಂಗಮೇಶನ ಬೆರಳುಗಳು ಇನ್ನೂ ಮಡಚುತ್ತಿಲ್ಲ. ಇಡೀ ಕಾರ್ಖಾನೆಯಲ್ಲಿ ಸಿಲಿಕಾ ಇಲ್ಲದ ನೀರು ಒಂದೇ, ಬ್ಯಾಟರಿಗೆಂದು ಹೊರಗಿನಿಂದ ತರಿಸುವ ಬಟ್ಟಿ ಇಳಿಸಿದ ನೀರು.

“ಸರ, ಫೋರ್ಕ್‌ಲಿಫ್ಟ್ ಬ್ಯಾಟರಿಗೆ ಹಾಕೂ ನೀರಿನ ಕ್ಯಾನ್ ಎಲ್ಲೈತ್ರಿ?” ಸಿಟ್ಟು ಬಂದಾಗ ಮಾತ್ರ ಹೊರಬರುವ ಬಾಗಲಕೋಟೆಯ ಮಾತಿನಲ್ಲಿ ಕೇಳಿದಳು.

“ಅದ್ಯಾಕೆ ಈಗ?” ಎಂದವನ ಕಣ್ಣು ಬಾಟಲಿಯತ್ತ ಹೊರಳಿ ಹಿಂದಿರುಗಿತು.

ಅಕ್ಷಯಾ ಪೆನ್ನು ತೆಗೆದಳು. ಮಾದರಿ: ಬ್ಯಾಟರಿ ನೀರು. ಸಿಲಿಕಾ: ಸೊನ್ನೆ. ತಂದವರು: ಮುನಿಕೃಷ್ಣಪ್ಪ. ಕೆಳಗೆ ದುಂಡಗೆ ಸೈನ್ ಹಾಕಿದಳು. ರಿಜಿಸ್ಟರಿಗೆ ಅವನು ಚಾಚಿದ ಕೈ ಚಾಚಿಕೊಂಡೇ ಇತ್ತು. ಅಷ್ಟರಲ್ಲಿ ಅವಳು ಅದನ್ನು ಎತ್ತಿಕೊಂಡು ಹೋಗಿ ಆಡಿಟ್‌ನವರ ಕೋಣೆಯ ಬಾಗಿಲು ತಟ್ಟಿಯಾಗಿತ್ತು.