ಕುರ್ಚಿಯಲ್ಲಿ ಕೂತವರು

ಸೊಸೆ ಮನೆಯಲ್ಲಿ ಮಾತಾಡುವುದನ್ನೇ ನಿಲ್ಲಿಸಿದ್ದಾಳೆಂದು ಮಗ ಕೌನ್ಸೆಲಿಂಗಿಗೆ ಗೊತ್ತುಮಾಡಿದ್ದ. ಸೊಸೆ ಮಾತು ನಿಲ್ಲಿಸಿದರೆ ಮನೆಗೆ ಒಳ್ಳೆಯದೇ ಅಲ್ಲವೇ ಎಂಬುದು ಚೆನ್ನಾಜಮ್ಮನ ವಾದ. ಹೊರಗಿರಿ ಅಂದರೂ ಕೇಳದೆ ಅವರು ಸೊಸೆಯ ಹಿಂದೆಯೇ ಒಳಗೆ ನುಗ್ಗಿ, ಸೋಫಾದಲ್ಲಿ ಭದ್ರವಾಗಿ ಕೂತರು.

ಕೌನ್ಸೆಲರ್ ಹುಡುಗಿ ಒಂದು ಖಾಲಿ ಕುರ್ಚಿ ತಂದು ಸೊಸೆಯ ಮುಂದಿಟ್ಟಳು. "ಯಾರ ಮೇಲೆ ಸಿಟ್ಟಿದೆಯೋ ಅವರು ಇಲ್ಲಿ ಕೂತಿದಾರೆ ಅಂದ್ಕೊಳ್ಳಿ. ಮನಸ್ಸಲ್ಲಿರೋದೆಲ್ಲ ಹೇಳ್ಬಿಡಿ."

ಸೊಸೆ ಕುರ್ಚಿ ನೋಡಿದಳು, ಅತ್ತೆಯನ್ನು ನೋಡಿದಳು, ತಲೆ ತಗ್ಗಿಸಿದಳು.

ಚೆನ್ನಾಜಮ್ಮನಿಗೆ ನಗು ತಡೆಯಲಾಗಲಿಲ್ಲ. ಇಷ್ಟಕ್ಕೆ ಈ ಹುಡುಗಿ ಕಾಲೇಜಿಗೆ ಬೇರೆ ಹೋಗಿದ್ದಳೇ!

"ಅಲ್ಲ ಕಣಮ್ಮಾ, ಮರದ ಕುರ್ಚಿ ಹತ್ರ ಮಾತಾಡೋದು ಯಾವ ಸೀಮೆ ಔಷಧಿ?"

"ನೀವೇ ಒಂದ್ಸಲ ಮಾಡಿ ನೋಡಿ ಅಮ್ಮ."

"ನೋಡೋದೇನಿದೆ! ತಗೋ, ನಮ್ಮತ್ತೆ ಬಂದು ಕೂತ್ರು ಅಂತಿಟ್ಕೋ. ಸತ್ತು ಇಷ್ಟು ವರ್ಷವಾದ್ಮೇಲೂ ಬಂದ್ರು ಮಹಾತಾಯಿ. ಬಾಯ್ತುಂಬ ಎಲೆ ಅಡಿಕೆ ತುಂಬ್ಕೊಂಡು, ಕಾಲು ಚಾಚ್ಕೊಂಡು, ನನ್ನೇ ದುರುಗುಟ್ಕೊಂಡು ನೋಡ್ತಿದಾರೆ. ಏನಾಯ್ತೀಗ? ನಂಗೇನಾದ್ರೂ ಆಯ್ತಾ?"

ಸೊಸೆ ತಲೆಯೆತ್ತಿ ಅತ್ತೆಯನ್ನೇ ನೋಡತೊಡಗಿದಳು.

"ಯಾಕೇ ಹಂಗೆ ನೋಡ್ತೀಯಾ?"

"ಎದ್ದು ನಿಂತಿದೀರಲ್ಲ, ಕೂತ್ಕೊಳ್ಳಿ ಅತ್ತೆ," ಅಂದಳು ಸೊಸೆ.

ಚೆನ್ನಾಜಮ್ಮ ಸೆರಗನ್ನು ಹೆಗಲ ತುಂಬ ಎಳೆದುಕೊಂಡು, ಖಾಲಿ ಕುರ್ಚಿಯತ್ತ ಕಣ್ಸನ್ನೆ ಮಾಡಿ, ಪಿಸುದನಿಯಲ್ಲಿ ಗದರಿದರು:

"ಸುಮ್ನಿರೇ, ಅವರೆದುರಿಗೆ ಕೂತ್ಕೊಳ್ಳೋಕಾಗುತ್ತಾ?"