ಕನ್ನಡಿ ಹಿಡಿದವಳು

ಬುದ್ಧನ ಅರ್ಧ ಬರೆದ ಮುಖದ ಮೇಲಿಂದ ಬೆಳಕು ಇದ್ದಕ್ಕಿದ್ದಂತೆ ಮಾಯವಾಯಿತು. ಅಟ್ಟಣಿಗೆಯ ಮೇಲಿದ್ದ ಚಿತ್ರಗಾರ ಕುಂಚವನ್ನು ಗೋಡೆಯಿಂದ ಹಿಂದೆಳೆದ. ಬೆಟ್ಟ ಕೊರೆದು ಮಾಡಿದ ಆ ಗುಹೆಯೊಳಗೆ ಬಿಸಿಲು ತಾನಾಗಿ ಬರುವುದಿಲ್ಲ. ಬಾಗಿಲಾಚೆ ಅವನ ಹೆಂಡತಿ ಕಂಚಿನ ಕನ್ನಡಿ ಹಿಡಿದು, ಸೂರ್ಯ ಸರಿದಂತೆ ತಾನೂ ಸರಿಯುತ್ತ, ಅದನ್ನು ಒಳಗೆ ಕಳಿಸಬೇಕು. ನಿನ್ನೆ ಸಂಜೆ ಅವನ ನಾಲಿಗೆ ಜಾರಿತ್ತು. "ನಿಂದೂ ಒಂದು ಕೆಲಸಾನಾ? ಗೊಂಬೆ ಥರ ನಿಂತ್ರೆ ಆಯ್ತು." ಆಗಿನಿಂದ ಅವಳು ಮಾತು ಬಿಟ್ಟಿದ್ದಳು. ಬೆಳಕನ್ನು ಮಾತ್ರ ಬೆಳಗ್ಗಿನಿಂದ ಕೂದಲೆಳೆಯಷ್ಟೂ ಅಲುಗಿಸಿರಲಿಲ್ಲ.

"ಕನ್ನಡಿ ಎಸೆದು ಹೋದ್ಲು ನಮ್ಮಕ್ಕ. ಅನುಭವಿಸು, ಭಾವ," ಎಂದ, ಆಗಲೇ ಊಟ ಮುಗಿಸಿ ಕೆಳಗೆ ಗಾರೆ ಕಲಸುತ್ತಿದ್ದ ಭಾವಮೈದುನ.

ಬೆಳಕು ಹೋಗಿರಲಿಲ್ಲ. ಗೋಡೆಯಿಂದಿಳಿದು, ಕಂಬದ ಬುಡ ಸವರಿ, ಬಣ್ಣದ ಕುಡಿಕೆಗಳನ್ನು ದಾಟಿ, ಮೂಲೆಯಲ್ಲಿ ಇನ್ನೂ ಬಿಚ್ಚದೇ ಇದ್ದ ಅವನ ಬುತ್ತಿ ಗಂಟಿನ ಮೇಲೆ ಗಟ್ಟಿಯಾಗಿ ಕೂತಿತ್ತು.

ಅವನು ಸರಸರನೆ ಇಳಿದು ಗಂಟು ಬಿಚ್ಚಿದ. ತುತ್ತು ಬಾಯಿಗಿಡಲು ಹೋದವನು ಬಾಗಿಲ ಕಡೆ ತಿರುಗಿ ಕೂಗಿದ: "ಏ, ತಪ್ಪಾಯ್ತು ಕಣೇ. ನೀನಿಲ್ದೆ ಇಲ್ಲಿ ನಾನು ಕುರುಡ. ನೀನೂ ತಿಂದಿಲ್ಲ ತಾನೆ? ಬಾ."

ಗಂಟಿನ ಮೇಲಿನ ಬೆಳಕು ಅಂದು ಮೊದಲ ಬಾರಿಗೆ ಸಣ್ಣಗೆ ನಡುಗಿತು. ಆಮೇಲೆ ಗುಹೆಯೆಲ್ಲ ಕತ್ತಲಾಯಿತು.

"ಅಯ್ಯೋ, ಈಗ ನಿಜವಾಗ್ಲೂ ಹೋದ್ಲು!"

"ಸುಮ್ನಿರೋ," ಎಂದ ಚಿತ್ರಗಾರ, ಕತ್ತಲಲ್ಲೇ ಬುತ್ತಿಯನ್ನು ಎರಡು ಪಾಲು ಮಾಡುತ್ತ. ಹೆಜ್ಜೆ ಸಪ್ಪಳ ಒಳಗೆ ಬರುತ್ತಿತ್ತು.