ಯಾರ ಕಡೆಯ ರಕ್ತ

ನಯನಾ ಕುಸುಮಳ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಿದ್ದಳು. ಹೊಸ್ತಿಲ ಬಳಿ ಕೂತಿದ್ದ ಕುಸುಮಳ ಅತ್ತೆ ಲಕ್ಷ್ಮಿದೇವಮ್ಮ ಕೇಳಿದಳು: "ಇದ್ರಲ್ಲಿ ಕಾಯ್ಲೆ ಯಾರ ಕಡೆಯಿಂದ ಬಂತು ಅಂತ ಗೊತ್ತಾಯ್ತದೇನವ್ವ?"

ನಯನಾಳ ಕೈ ನಿಂತಿತು. ಬೆಂಗಳೂರಿನ ಆಸ್ಪತ್ರೆಯೊಂದರ ಸಂಶೋಧನೆಗಾಗಿ ಅವಳು ಹಾರೋಹಳ್ಳಿ ಆಚೆಯ ಈ ಊರಿಗೆ ಬಂದಿದ್ದಳು. ಕುಸುಮಳ ಆರು ವರ್ಷದ ಮಗಳು ಅನುಷಾಗೆ ರಕ್ತದ ಕ್ಯಾನ್ಸರ್. ಆ ಆಸ್ಪತ್ರೆಯಲ್ಲೇ ಚಿಕಿತ್ಸೆ ನಡೆಯುತ್ತಿತ್ತು. ಮಗುವಿನ ರಕ್ತ ಆಗಲೇ ಸಿಕ್ಕಿತ್ತು, ತಂದೆತಾಯಿಯದು ಬಾಕಿ.

"ಇದು ಆ ಪರೀಕ್ಷೆ ಅಲ್ಲಜ್ಜಿ. ರಕ್ತದಲ್ಲಿ ಕಾವಲು ಕಾಯೋ ಕಣ ಇರ್ತವೆ. ಯಾರು ನಮ್ಮವರು, ಯಾರು ಹೊರಗಿನವರು ಅಂತ ಅವು ಗುರುತು ಹಿಡೀತವೆ. ಆ ಗುರುತು ಹಿಡಿಯೋ ಜೀನು ಒಬ್ಬೊಬ್ಬರಲ್ಲಿ ಒಂದೊಂದು ಥರ. ಈ ಕಾಯಿಲೆ ಬಂದ ನೂರಾರು ಮಕ್ಕಳಲ್ಲಿ ಅದು ಹೇಗಿದೆ ಅಂತ ನೋಡ್ತಿದ್ದೀವಿ, ಅಷ್ಟೆ."

"ಜೀನು ಅಂದ್ರೆ ಹೆತ್ತೋರಿಂದ ಬರೋದು ತಾನೆ? ನಮ್ಮ ವಂಶದಲ್ಲಿ ಯಾರ್ಗೂ ಇರ್ನಿಲ್ಲ. ಇವಳ ಕಡೇದು ಅಂತ ಒಂದು ಕಾಗ್ದ ಬರ್ಕೊಡಿ, ಸಾಕು. ಇವಳು ಬಂದ ದಾರೀಲೇ ತವರಿಗೆ ಹೋಗ್ಲಿ. ಮಗೀನ ನಾನು ನೋಡ್ಕತ್ತೀನಿ."

ಕುಸುಮ ತಲೆ ತಗ್ಗಿಸಲಿಲ್ಲ. ತೋಳನ್ನು ಇನ್ನಷ್ಟು ಮುಂದೆ ಚಾಚಿದಳು. "ತಗಳಿ ಮೇಡಂ. ಮೊದ್ಲು ನಂದೇ ತಗಳಿ."

ನಯನಾ ಅವಳ ಗಂಡನತ್ತ ನೋಡಿದಳು. ಫ್ಯಾಕ್ಟರಿ ಪಾಳಿ ಮುಗಿಸಿ ಬಂದಿದ್ದ ನಟರಾಜು ಗೋಡೆಗೆ ಒರಗಿ ಒಪ್ಪಿಗೆ ಪತ್ರವನ್ನು ಮೂರನೇ ಸಲ ಓದುತ್ತಿದ್ದ. ಕಾಗದದಿಂದ ತಲೆಯೆತ್ತಿ ಕೇಳಿದ:

"ನಮ್ಮಿಬ್ರುದು ಬ್ಯಾರೆ ಬ್ಯಾರೆ ಶೀಶೆನಾ ಮೇಡಂ?"

"ಹೌದು."

"ಹೆಸ್ರು ಬರೀತೀರಾ?"

"ನಂಬರ್ ಮಾತ್ರ."

"ಯಾವ ನಂಬರ್ ಯಾರ್ದು ಅಂತ ನಿಮ್ಮತ್ರ ಇರ್ತದಲ್ವಾ?"

ಇವನೂ ಸಾಕ್ಷಿ ಹುಡುಕುತ್ತಿದ್ದಾನೆ ಎನಿಸಿತು ನಯನಾಗೆ. "ಇಷ್ಟ ಇಲ್ಲದಿದ್ರೆ ಬೇಡ. ಮಗುವಿನ ಚಿಕಿತ್ಸೆಗೇನೂ ತೊಂದರೆ ಆಗಲ್ಲ," ಎಂದಳು. ಅವನು ಸಹಿ ಹಾಕಿ ಪೆನ್ನನ್ನು ಹೆಂಡತಿಗೆ ಕೊಟ್ಟ. ಎರಡು ಶೀಶೆ ತುಂಬಿತು. ಲಕ್ಷ್ಮಿದೇವಮ್ಮ ಎರಡನ್ನೂ ದಿಟ್ಟಿಸಿ ನೋಡಿದಳು. ಎರಡೂ ಒಂದೇ ಕೆಂಪು.

ಶೀಶೆಗಳ ಪೆಟ್ಟಿಗೆ ಹಿಡಿದುಕೊಂಡು ನಟರಾಜು ರಸ್ತೆಯವರೆಗೂ ಬಂದ. ಕುರಿಹಟ್ಟಿ ದಾಟಿ, ಮನೆಗೆ ಮಾತು ಕೇಳಿಸದಷ್ಟು ದೂರ ಬಂದ ಮೇಲೆ ದನಿ ತಗ್ಗಿಸಿದ.

"ನಿಜ ಹೇಳಿ. ಯಾರ ಕಡೇದು ಅಂತ ಗೊತ್ತಾಗಕಿಲ್ವಾ?"

"ಇಲ್ಲ ಅಂದೆನಲ್ಲ," ನಯನಾಳ ದನಿ ಒರಟಾಯಿತು. "ಇದರಲ್ಲಿ ಯಾರ ತಪ್ಪೂ ಇಲ್ಲ. ಆಕೆ ಮೇಲೆ ಹೊರಿಸೋಕೆ ನನ್ನ ಹತ್ರ ಕಾಗದ ಕೇಳಬೇಡಿ."

ಅವನು ಪೆಟ್ಟಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

"ಒಸಿ ವಾಪಸ್ ಬತ್ತೀರಾ ಮೇಡಂ? ನನ್ನ ರಕ್ತದಿಂದ್ಲೇ ಬಂದಿದ್ದು ಅಂತ ಅವ್ವನ ಮುಂದೆ ಒಂದು ಮಾತು ಹೇಳ್ಬುಡಿ."

"ಸುಳ್ಳು ಹೇಳಬೇಕಾ?"

"ಹೂಂ," ಎಂದ ನಟರಾಜು. "ನನ್ನನ್ನ ಅವ್ವ ಯಾವ ತವರಿಗೆ ಕಳಿಸ್ತಾಳೆ?"